ಕ್ಯಾಮೆರಾ ಚೀಲವೂ ಅಜ್ಜಿಯ ಸಂಚಿಯೂ

ಮಗಳು ತನ್ನ ಹಳೆಯ ಕ್ಯಾಮೆರಾವನ್ನು ನನಗೆ ಕೊಟ್ಟಾಗ ಅದು ಟರ್ಕಿ ಟವೆಲ್ಲಿನಲ್ಲಿ ಸುತ್ತಿಕೊಂಡು, ಆಗತಾನೆ ನೀರೆರೆದ ಕೂಸಿನ ಹಾಗೆ ಮಂಡ್ಯಕ್ಕೆ ಬಂತು. "ನನಗೆ ಫೋನೇ ಸಾಕಮ್ಮ. ಇದು ಬೀರುವಿನಲ್ಲಿ ಕೂತು ಹಾಳಾಗ್ತಿದೆ, ನೀನಾದರೂ ಉಪಯೋಗಿಸು" ಎಂದಳು. ತಾಯಿಯ ಹಳೆಯ ಸೀರೆ ಮಗಳಿಗೆ ಬರುತ್ತಿದ್ದ ಕಾಲ ಹೋಗಿ, ಮಗಳ ಹಳೆಯ ಸಾಮಾನು ತಾಯಿಗೆ ಬರುವ ಕಾಲ ಬಂದಿದೆ. ನನಗೇನೂ ಬೇಸರವಿಲ್ಲ. ಕ್ಯಾಮೆರಾ ಚೆನ್ನಾಗಿತ್ತು, ಸಣ್ಣದಿತ್ತು. ಲೆನ್ಸ್ ಸಮೇತ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ನೋಡಿದೆ, 650 ಗ್ರಾಂ. ಮುಕ್ಕಾಲು ಕೆಜಿ ಬೆಂಡೆಕಾಯಿಗಿಂತ ಕಡಿಮೆ. ಆದರೆ ಅದರ ಚೀಲ ಮಾತ್ರ ಬರಲಿಲ್ಲ. ಯಾರೋ ಗೆಳತಿ ಒಯ್ದವಳು ಹಿಂದಕ್ಕೆ ಕೊಟ್ಟಿರಲಿಲ್ಲವಂತೆ. ಹೀಗೆ, ಐವತ್ತು ದಾಟಿದ ಮೇಲೆ, ಪ್ರವಾಸಕ್ಕೊಂದು ಸಣ್ಣ ಕ್ಯಾಮೆರಾ ಚೀಲ ಹುಡುಕುವ ಯೋಗ ನನಗೆ ಒದಗಿತು.

ಚೀಲದ ಬಗ್ಗೆ ಇಷ್ಟೇನು ಬರೆಯುವುದು ಎಂದು ನೀವು ಕೇಳಬಹುದು. ಪುಸ್ತಕಕ್ಕೆ ವಿಮರ್ಶೆಯಿದೆ, ಸಿನಿಮಾಕ್ಕಿದೆ, ಮದುವೆಮನೆಯ ಹುಳಿಗೂ ಇದೆ. ನಾವು ಹೆಂಗಸರು ದಿನಾ ಹೊರುವ ಚೀಲಕ್ಕೆ ಏಕಿಲ್ಲ? ನನ್ನ ಮೂವತ್ತು ವರ್ಷದ ಮೇಷ್ಟ್ರಿಕೆಯಲ್ಲಿ ಎಷ್ಟು ಚೀಲ ಹೊತ್ತಿದ್ದೇನೆ ಎಂದು ಲೆಕ್ಕ ಹಾಕಿದರೆ ನನಗೇ ಗಾಬರಿಯಾಗುತ್ತದೆ. ಪ್ಲಾಸ್ಟಿಕ್ ವಯರಿನಲ್ಲಿ ಕೈಯಾರೆ ಹೆಣೆದ ಬ್ಯಾಗಿನಲ್ಲಿ ಉತ್ತರಪತ್ರಿಕೆ, ರೆಕ್ಸಿನ್ ಬ್ಯಾಗಿನಲ್ಲಿ ಮಗುವಿನ ಹಾಲಿನ ಬಾಟಲು, ಬಟ್ಟೆಯ ಚೀಲದಲ್ಲಿ ಅತ್ತೆಯ ಮಾತ್ರೆ, ಶಾಲಾ ಪ್ರವಾಸವಾದರೆ ಮಕ್ಕಳ ವಾಂತಿಗೆಂದು ನಿಂಬೆಹಣ್ಣು ಮತ್ತು ಪ್ಲಾಸ್ಟಿಕ್ ಕವರು. ಅದರಲ್ಲಿ ನನ್ನದು ಎನ್ನುವುದು ಒಂದು ಬಾಚಣಿಗೆ, ಒಂದು ಕರ್ಚೀಫು. ನನಗಾಗಿಯೇ, ನನ್ನ ಖುಷಿಯ ವಸ್ತುವೊಂದಕ್ಕಾಗಿಯೇ ಚೀಲ ಕೊಳ್ಳಲು ಹೊರಟಿದ್ದು ಅದೇ ಮೊದಲು. ಆದ್ದರಿಂದ ನನ್ನ ವಿಮರ್ಶೆಯಲ್ಲಿ ಸ್ವಲ್ಪ ಖಾರ ಹೆಚ್ಚಾಗಿದ್ದರೆ ಸಹಿಸಿಕೊಳ್ಳಿ.

ಮೊದಲನೆಯದನ್ನು ಅಂಗಡಿಯವನೇ ಆರಿಸಿಕೊಟ್ಟ. ಕಪ್ಪು ಬಣ್ಣದ, ನಾಲ್ಕೂ ಕಡೆ ದಪ್ಪ ಸ್ಪಂಜಿನ ಗೋಡೆಯ, ಇಟ್ಟಿಗೆಯಂಥ ಪೆಟ್ಟಿಗೆ. ಮೇಲೆ ಕ್ಯಾಮೆರಾ ಕಂಪನಿಯ ಹೆಸರು ಹಳದಿ ದಾರದಲ್ಲಿ ದಪ್ಪ ಅಕ್ಷರದಲ್ಲಿತ್ತು. ಒಡವೆಪೆಟ್ಟಿಗೆಯ ಮೇಲೆ 'ಒಡವೆ' ಎಂದು ಬರೆದುಕೊಂಡು ಜಾತ್ರೆಗೆ ಹೋಗುವವರುಂಟೇ? ಅಂಗಡಿಯವನು ಚೀಲದ ಅಳತೆಯನ್ನು ಲೀಟರಿನಲ್ಲಿ ಹೇಳಿದ. ಇದೇನು ಹಾಲಿನ ಕ್ಯಾನೇ ಎಂದುಕೊಂಡೆ. ನನ್ನ ಕ್ಯಾಮೆರಾ ಎಷ್ಟು ಲೀಟರಿನದು ಎಂದು ನನಗೆ ಹೇಗೆ ಗೊತ್ತಾಗಬೇಕು? "ಎಷ್ಟು ಭದ್ರ ನೋಡಿ ಮೇಡಂ, ಮಹಡಿಯಿಂದ ಬಿದ್ದರೂ ಏನೂ ಆಗಲ್ಲ" ಎಂದ. ಆ ಭದ್ರ ಎಂಬ ಮಾತಿಗೆ ನಾನು ಸೋತೆ.

ಸೋಲದೆ ಇನ್ನೇನು! ಟಿವಿಗೆ ಕಸೂತಿಯ ಕವರು, ಫ್ರಿಜ್ಜಿಗೆ ಕವರು, ರಿಮೋಟಿಗೆ ಪ್ಲಾಸ್ಟಿಕ್ಕು, ರೇಷ್ಮೆ ಸೀರೆಗೆ ಮಲ್ಲು ಪಂಚೆ, ಚೆನ್ನಾಗಿರುವ ಪಿಂಗಾಣಿ ಬಟ್ಟಲೆಲ್ಲ ಶೋಕೇಸಿಗೆ, ಒಡೆದ ಬಟ್ಟಲು ಮಾತ್ರ ನಮಗೆ. ತೆಗೆದಿಡುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. ನಮ್ಮ ಈ ಗುಣವನ್ನು ಚೀಲ ಮಾಡುವವರು ಚೆನ್ನಾಗಿ ಬಲ್ಲರು. ಅವರು ಮಾರುವುದೆಲ್ಲ ಕಾಪಾಡುವ ಚೀಲ. ಪ್ರವಾಸದಲ್ಲಿ ಬೇಕಾಗುವುದು ಹೊರಗೆ ತೆಗೆಯುವ ಚೀಲ ಎಂಬುದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಅದಕ್ಕೆ ತೆತ್ತ ಬೆಲೆಯನ್ನು ಹೇಳುತ್ತೇನೆ.

2022ರ ಆಗಸ್ಟ್‌ನಲ್ಲಿ ಕಾವೇರಿ ತುಂಬಿ ಹರಿಯುತ್ತಿದ್ದಳು. ಮಳವಳ್ಳಿಯಲ್ಲಿದ್ದ ನನ್ನ ಅಕ್ಕನನ್ನು ಕರೆದುಕೊಂಡು ಗಗನಚುಕ್ಕಿಗೆ ಹೋದೆ. ಶಿವನಸಮುದ್ರದ ಜಲಪಾತ ಮಳವಳ್ಳಿಯಿಂದ ದೂರವೇನಲ್ಲ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಕೋಲಾರದ ಚಿನ್ನದ ಗಣಿಯವರೆಗೆ ತಂತಿಯ ಮೇಲೆ ಹೋಯಿತು ಎಂದು ನಾನು ವರ್ಷ ವರ್ಷ ಮಕ್ಕಳಿಗೆ ಪಾಠ ಹೇಳುತ್ತೇನೆ. ಆದರೆ ಪಕ್ಕದಲ್ಲೇ ಬದುಕಿದ ಅಕ್ಕ ಅದನ್ನು ನೋಡಿದ್ದು ಎರಡೇ ಸಲ, ಅದೂ ಬಂದ ನೆಂಟರನ್ನು ಕರೆದೊಯ್ಯಬೇಕಾಗಿ ಬಂದಾಗ. ಎದುರಿನ ವೀಕ್ಷಣೆಯ ಕಟ್ಟೆಯ ಮೇಲೆ ನಿಂತೆವು. ನೀರು ಹಾಲಾಗಿ, ಹೊಗೆಯಾಗಿ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಕಣಿವೆಯಿಂದ ಒಂದು ಗಾಳಿ ಬಂತು ನೋಡಿ, ಅಕ್ಕನ ಸೆರಗು ಹಾಯಿಯ ಹಾಗೆ ಮೇಲಕ್ಕೆದ್ದು ತಲೆಯ ಮೇಲೆ ನಿಂತಿತು. ಅಕ್ಕ ನಕ್ಕಳು. ಮುಂದಿನ ಎರಡು ಹಲ್ಲು ಬಿದ್ದಂದಿನಿಂದ ಬಾಯಿಗೆ ಕೈ ಅಡ್ಡ ಹಿಡಿಯದೆ ಅವಳು ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅವತ್ತು ಎರಡೂ ಕೈ ಸೆರಗು ಹಿಡಿಯುವುದರಲ್ಲಿದ್ದವು. ಬಾಯಿ ತುಂಬ ನಕ್ಕಳು, ಐದನೇ ಕ್ಲಾಸಿನ ಹುಡುಗಿಯ ಹಾಗೆ.

ನಾನು ಚೀಲಕ್ಕೆ ಕೈ ಹಾಕಿದೆ. ಮೊದಲು ಪ್ಲಾಸ್ಟಿಕ್ ಕೊಂಡಿಯನ್ನು ಎರಡು ಬೆರಳಲ್ಲಿ ಒತ್ತಿ ಬಿಡಿಸಬೇಕು. ಆಮೇಲೆ ಮೂರು ಕಡೆ ಸುತ್ತಿ ಬರುವ ಜಿಪ್ಪು. ಅದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೆ ಇನ್ನೊಂದು ಮುಚ್ಚಳ, ಅದಕ್ಕೆ ವೆಲ್ಕ್ರೋ. ಅದನ್ನು ಪರ್‍ರ್ ಎಂದು ಕಿತ್ತು, ಬಿಗಿಯಾಗಿ ಕೂತ ಕ್ಯಾಮೆರಾವನ್ನು ಎಳೆದು, ಲೆನ್ಸಿನ ಮುಚ್ಚಳ ತೆಗೆಯುವಷ್ಟರಲ್ಲಿ ಅಕ್ಕ ಸೆರಗು ಸರಿಮಾಡಿಕೊಂಡು, ಸೊಂಟಕ್ಕೆ ಸಿಕ್ಕಿಸಿ, ಬಾಯಿ ಮುಚ್ಚಿ, ರೇಷನ್ ಕಾರ್ಡಿನ ಫೋಟೋಕ್ಕೆ ನಿಂತವಳಂತೆ ನೆಟ್ಟಗೆ ನಿಂತಿದ್ದಳು. "ಹೂಂ, ಈಗ ತೆಗಿ" ಎಂದಳು. ತೆಗೆದೆ. ಮರುವರ್ಷ ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಅಕ್ಕ ಹೋದಳು. ಅವಳ ಮನೆಯ ಗೋಡೆಯಲ್ಲಿ ಗಂಧದ ಹಾರ ಹಾಕಿರುವುದು ಆ ಫೋಟೋವೇ. ಹಿಂದೆ ಜಲಪಾತ, ಮುಂದೆ ರೇಷನ್ ಕಾರ್ಡು.

ಚೀಲದ ಗುಣವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಅವತ್ತೇ ಸಂಜೆ ಬಸ್ಸಿನ ಮೆಟ್ಟಿಲಲ್ಲಿ ಅದು ನನ್ನ ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಕ್ಯಾಮೆರಾಕ್ಕೆ ಒಂದು ಗೀರೂ ಆಗಿರಲಿಲ್ಲ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

ಅಕ್ಕ ಹೋದಮೇಲೆ ಕ್ಯಾಮೆರಾ ಮುಟ್ಟುವ ಮನಸ್ಸಾಗಲಿಲ್ಲ. ಅದು ಆ ಭದ್ರವಾದ ಪೆಟ್ಟಿಗೆಯಲ್ಲೇ, ಬೀರುವಿನೊಳಗೆ, ಒಂದು ಮಳೆಗಾಲ ಪೂರ್ತಿ ಮಲಗಿತು. ತೆಗೆದು ನೋಡಿದಾಗ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಷ್ಟು. ಕತ್ತಲೆ, ಗಾಳಿಯಾಡದ ಜಾಗ, ತೇವ ಹೀರಿದ ಸ್ಪಂಜು, ಬೂಷ್ಟಿಗೆ ಇನ್ನೇನು ಬೇಕು? ಉಪ್ಪಿನಕಾಯಿ ಭರಣಿಯ ವಿಷಯದಲ್ಲಿ ಇಷ್ಟು ಜ್ಞಾನವಿರುವ ನನಗೆ ಲೆನ್ಸಿನ ವಿಷಯದಲ್ಲಿ ಹೊಳೆಯದೆ ಹೋಯಿತು. ಬಿಚ್ಚಿ ಒರೆಸಿಕೊಟ್ಟ ರಿಪೇರಿಯವರು ಚೆನ್ನಾಗಿ ಬೈದರು. ಚೀಲ ಇರುವುದು ದಾರಿಗೆ, ಮನೆಯಲ್ಲಿ ಕ್ಯಾಮೆರಾವನ್ನು ಚೀಲದಲ್ಲಿ ಇಡಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಬೇಕು. ನೀಲಿ ಹರಳು ತೇವ ಕುಡಿದು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮತ್ತೆ ಒಗ್ಗರಣೆಗೆ ಬಳಸಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಎನ್ನುವವರೂ ಇದ್ದಾರೆ. ಅಕ್ಕಿಯ ಹಿಟ್ಟು ಕ್ಯಾಮೆರಾದ ಸಂದಿಗಳಲ್ಲಿ ಸೇರಿದರೆ ಆಮೇಲೆ ಅದನ್ನು ಜರಡಿ ಹಿಡಿಯಲಾದೀತೇ?

ಆಗ ನನಗೆ ನೆನಪಾದದ್ದು ನಮ್ಮ ಸೋದರಮಾವನ ಆಗ್ಫಾ ಕ್ಲಿಕ್ ತ್ರೀ. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬೇಕು. ಬರೋಡದಲ್ಲಿ ತಯಾರಾಗುತ್ತಿದ್ದ, ಒಂದು ರೀಲಿಗೆ 12 ಚಿತ್ರ ಬರುತ್ತಿದ್ದ ಕ್ಯಾಮೆರಾ. ಅದಕ್ಕೊಂದು ಕಂದು ಬಣ್ಣದ ಚರ್ಮದ ಕವಚ. ಅದನ್ನು ಎವರ್‌ರೆಡಿ ಕೇಸು ಎನ್ನುತ್ತಿದ್ದರು. ಹೆಸರಿಗೆ ತಕ್ಕಂತೆ ಅದು ಯಾವಾಗಲೂ ಸಿದ್ಧ. ಹಿಂದಿನ ಒಂದು ಗುಂಡಿ ಕಿತ್ತರೆ ಮುಂದಿನ ಮೂತಿ ಕೆಳಕ್ಕೆ ಜೋತುಬೀಳುತ್ತಿತ್ತು. ಕ್ಯಾಮೆರಾ ಕವಚದಲ್ಲೇ ಕೂತು, ಮಾವನ ಕೊರಳಲ್ಲೇ ಇದ್ದು ಚಿತ್ರ ತೆಗೆಯುತ್ತಿತ್ತು. ಮದುವೆಮನೆಯಲ್ಲಿ ಹುಡುಗಿಯರು ಜಡೆ ಹಿಂದಕ್ಕೆ ಎಸೆದುಕೊಳ್ಳುವಷ್ಟರಲ್ಲಿ ಮಾವ ಕ್ಲಿಕ್ಕಿಸಿಬಿಡುತ್ತಿದ್ದರು. ರೀಲು ಬದಲಿಸಲು ಮಾತ್ರ ಕವಚ ಪೂರ್ತಿ ಕಳಚಬೇಕಿತ್ತು. ಮಳೆಗಾಲದಲ್ಲಿ ಚರ್ಮಕ್ಕೂ ಬೂಷ್ಟು ಹಿಡಿಯುತ್ತಿತ್ತು. ಆದರೂ ಬರೀ 12 ಚಿತ್ರ ಇದ್ದ ಕಾಲದಲ್ಲಿ ಒಂದು ಗುಂಡಿ ಸಾಕಾಗಿತ್ತು. ಸಾವಿರಾರು ಚಿತ್ರ ಹಿಡಿಯುವ ಈ ಕಾಲದಲ್ಲಿ ಕೊಂಡಿ, ಜಿಪ್ಪು, ವೆಲ್ಕ್ರೋ ಮೂರೂ ಬೇಕಾಗಿವೆ.

ವೆಲ್ಕ್ರೋ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. 1941ರಲ್ಲಿ ಸ್ವಿಟ್ಜರ್‌ಲೆಂಡಿನ ಜಾರ್ಜ್ ದ ಮೆಸ್ಟ್ರಾಲ್ ಎಂಬ ಇಂಜಿನಿಯರು ನಾಯಿಯ ಮೈಗೆ ಅಂಟಿದ್ದ ಮುಳ್ಳುಕಾಯಿ ನೋಡಿ ಅದನ್ನು ಕಂಡುಹಿಡಿಯಲು ಹೊರಟನಂತೆ. ನಮ್ಮ ಅಂಟುಪುರಲೆಯ ಬಂಧುವೇ ಇರಬೇಕು. ಹೊಲದ ಬದುವಿನಲ್ಲಿ ನಡೆದರೆ ಅಂಟುಪುರಲೆ ಸೀರೆಗೆ ಏನು ಮಾಡುತ್ತದೋ ಚೀಲದ ವೆಲ್ಕ್ರೋವೂ ಅದನ್ನೇ ಮಾಡುತ್ತದೆ. ನನ್ನ ಒಂದು ಮೈಸೂರು ಸಿಲ್ಕಿನ ಅಂಚಿನಲ್ಲಿ ಜರಿಯ ಎಳೆ ಎದ್ದು ನಿಂತಿರುವುದು ಅದರ ಪ್ರಸಾದ. ಸದ್ದಂತೂ ಗರ್ಭಗುಡಿಯ ಮುಂದೆ ಬಟ್ಟೆ ಹರಿದಂತೆ.

ಎರಡನೆಯ ಚೀಲವನ್ನು ಅಳಿಯಂದಿರು ಕೊಡಿಸಿದರು. ಬೆನ್ನಿಗೆ ಹಾಕುವಂಥದ್ದು. ಭಾರ ಎರಡು ಹೆಗಲಿಗೂ ಹಂಚಿಹೋಗುತ್ತದೆ, ನಿಜ. ಬೆಟ್ಟ ಹತ್ತುವವರಿಗೆ ಅದೇ ಸರಿ. ಆದರೆ 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲಿನ ನಮ್ಮ ಸಾರಿಗೆ ಬಸ್ಸನ್ನು ನೆನೆಸಿಕೊಳ್ಳಿ. ಹೆಂಗಸರು ಟಿಕೆಟ್ಟಿನ ಕಾಸಿಗೆ ಯಾರ ಮುಖವನ್ನೂ ನೋಡದೆ ಊರು ನೋಡಲು ಹೊರಟಿದ್ದಾರೆ, ನನಗೆ ಅದಕ್ಕಿಂತ ಸಂತೋಷವಿಲ್ಲ. ಆ ಸಂತೋಷದ ನಡುವೆ ಮದ್ದೂರಿನಿಂದ ಮಳವಳ್ಳಿಗೆ ನಿಂತುಕೊಂಡು ಹೋಗುವಾಗ ಬೆನ್ನಮೇಲಿನ ಚೀಲ ನನ್ನದಲ್ಲ, ಹಿಂದೆ ನಿಂತವರದು. ಅದರ ಜಿಪ್ಪು ನನ್ನ ಕಣ್ಣಿಗೆ ಕಾಣುವುದಿಲ್ಲ, ಅವರ ಕೈಗೆ ಸಿಗುತ್ತದೆ. ಜೊತೆಗೆ ಹೆಗಲ ಮೇಲೆ ಸೆರಗಿಗೆ ಹಾಕಿದ ಪಿನ್ನು ಪಟ್ಟಿಯಡಿ ಸಿಕ್ಕಿಕೊಂಡು, ಚೀಲ ಇಳಿಸುವಾಗ ರವಿಕೆಯೇ ಹರಿಯಿತು. ಮುತ್ತತ್ತಿಯಲ್ಲಿ ಒಂದು ಕೋತಿ ಹಿಂದಿನಿಂದ ಬಂದು ಜಿಪ್ಪಿನ ಬಾಲ ಹಿಡಿದು ಎಳೆಯುವವರೆಗೆ ನನಗೆ ಸುಳಿವೇ ಇರಲಿಲ್ಲ. ಒಳಗಿದ್ದ ಕಡಲೆಬೀಜದ ಪೊಟ್ಟಣ ಅದರ ಪಾಲಾಯಿತು. ಕ್ಯಾಮೆರಾ ಅದಕ್ಕೆ ರುಚಿಸಲಿಲ್ಲ. ಕ್ಯಾಮೆರಾ ಮತ್ತು ತಿನಿಸು ಒಂದೇ ಚೀಲದಲ್ಲಿ ಇರಕೂಡದು ಎಂಬ ಪಾಠ ಆಂಜನೇಯನ ಸನ್ನಿಧಿಯಲ್ಲೇ ಆಯಿತು. ಮದ್ದೂರು ವಡೆಯ ಎಣ್ಣೆ ಲೆನ್ಸಿಗೆ ತಗುಲಿದರೆ ಏನಾಗುತ್ತದೆ ಎನ್ನುವುದನ್ನು ನಾನು ವಿವರಿಸುವುದಿಲ್ಲ.

ಇವನ್ನೆಲ್ಲ ಮಾಡುವವರು ಹೆಂಗಸೊಬ್ಬಳು ಸೀರೆಯುಟ್ಟು ಕ್ಯಾಮೆರಾ ಹಿಡಿಯಬಹುದೆಂದು ಯೋಚಿಸಿಯೇ ಇಲ್ಲವೇನೋ. ಪಟ್ಟಿಯ ಉದ್ದ ಗಂಡಸಿನ ಎದೆಯ ಅಳತೆಗೆ, ಕೊಂಡಿ ಬಂದು ಕೂರುವುದು ನಮಗೆ ಇರಬಾರದ ಜಾಗಕ್ಕೆ. ನಮ್ಮ ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದ ಹೋಮಾಯ್ ವ್ಯಾರಾವಾಲಾ 1940ರ ದಶಕದಿಂದ ದೆಹಲಿಯಲ್ಲಿ ಸೀರೆಯುಟ್ಟೇ ಕೆಲಸ ಮಾಡಿದರು. ಭಾರವಾದ ಸಲಕರಣೆ ಹೊತ್ತು ಸೈಕಲ್ಲಿನಲ್ಲಿ ಓಡಾಡಿದರು. ಧ್ವಜ ಏರಿದ್ದನ್ನೂ ಗಾಂಧೀಜಿಯ ಅಂತ್ಯಯಾತ್ರೆಯನ್ನೂ ಅವರ ಕ್ಯಾಮೆರಾ ನೋಡಿತು. 2011ರಲ್ಲಿ ಪದ್ಮವಿಭೂಷಣ ಬಂತು. ಇಷ್ಟು ವರ್ಷವಾದರೂ ಸೆರಗು ಎಡಹೆಗಲ ಮೇಲಿರುತ್ತದೆ ಎನ್ನುವುದು ಚೀಲ ಹೊಲಿಯುವವರಿಗೆ ತಲುಪಿಲ್ಲ.

ಪರದೇಶದ ಚೀಲಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಮಗಳು ಫೋನಿನಲ್ಲಿ ಹುಡುಕಿ ತೋರಿಸಿದಳು. 1970ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಛಾಯಾಗ್ರಾಹಕನಾಗಿದ್ದ ಜಿಮ್ ಡೋಮ್ಕೆ ಇಂಥ ಗಟ್ಟಿಪೆಟ್ಟಿಗೆಗಳಿಂದ ಬೇಸತ್ತು ತನಗೆ ಬೇಕಾದ ಹಾಗೆ ಕ್ಯಾನ್ವಾಸ್ ಬಟ್ಟೆಯ ಮೆತ್ತನೆಯ ಚೀಲ ಮಾಡಿಕೊಂಡ. ಮೈಗೆ ಒಗ್ಗುತ್ತದೆ, ಬಾಯಿ ಅಗಲ, ಪಟ್ಟಿಯಲ್ಲಿ ರಬ್ಬರಿನ ಎಳೆ ನೇಯ್ದಿರುವುದರಿಂದ ಹೆಗಲಿನಿಂದ ಜಾರುವುದಿಲ್ಲ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪನಿ ಮೊದಲು ಮಾಡುತ್ತಿದ್ದುದು ಮೀನು ಹಿಡಿಯುವವರ ಚೀಲ. ಫೋಟೋದವರು ಅದನ್ನು ಕೊಂಡು ಕ್ಯಾಮೆರಾ ಇಟ್ಟುಕೊಳ್ಳುತ್ತಿದ್ದಾರೆಂದು ತಿಳಿದ ಮೇಲೆ ಕ್ಯಾಮೆರಾ ಚೀಲ ಮಾಡಲು ಶುರುಮಾಡಿತು. ಎರಡು ಕಥೆಯೂ ನನಗೆ ಹಿಡಿಸಿತು. ಉಪಯೋಗಿಸುವವರು ಆರಿಸಿದ ಚೀಲ, ಉಪಯೋಗಿಸುವವನೇ ಮಾಡಿದ ಚೀಲ. ಬೆಲೆ ಕೇಳಿ ಮಾತ್ರ ಫೋನನ್ನು ಹಿಂದಕ್ಕೆ ಕೊಟ್ಟೆ. ಆ ದುಡ್ಡಿಗೆ ಇನ್ನೊಂದು ಲೆನ್ಸೇ ಬರುತ್ತದೆ.

ಮೀನಿನ ಚೀಲ ಎಂದಾಗ ನನ್ನ ತಲೆಗೆ ಬಂದದ್ದು ಅಜ್ಜಿಯ ಎಲೆಯಡಿಕೆ ಸಂಚಿ. ಮಳವಳ್ಳಿ ಕಡೆಯ ಹಳ್ಳಿಯಲ್ಲಿದ್ದ ನನ್ನ ಅಜ್ಜಿ ನಡುವಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಬಟ್ಟೆಯ ಸಂಚಿ ಅಂಗೈ ಅಗಲ, ಗೇಣುದ್ದ. ಹೊರಗೆ ಗಟ್ಟಿ ಬಟ್ಟೆ, ಒಳಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆ. ಮಡಿಕೆಯೊಳಗೆ ಮಡಿಕೆ. ಒಂದರಲ್ಲಿ ವೀಳ್ಯದೆಲೆ, ಒಂದರಲ್ಲಿ ಅಡಿಕೆ, ಒಂದರಲ್ಲಿ ಹೊಗೆಸೊಪ್ಪು, ತುದಿಯಲ್ಲಿ ಸುಣ್ಣದ ಡಬ್ಬಿಗೆ ಅದರದೇ ಅಳತೆಯ ಪುಟ್ಟ ಮನೆ, ಎಲ್ಲಕ್ಕಿಂತ ಒಳಗೆ ಕಾಸು. ಎಲೆ ಬಾಡುತ್ತಿರಲಿಲ್ಲ, ಸುಣ್ಣ ಚೆಲ್ಲುತ್ತಿರಲಿಲ್ಲ, ಕಾಸು ಯಾರಿಗೂ ಕಾಣುತ್ತಿರಲಿಲ್ಲ. ಕತ್ತಲಲ್ಲಿ, ಮಾತಾಡುತ್ತಲೇ, ಕೆಳಗೆ ನೋಡದೆ ಅಜ್ಜಿ ಅಷ್ಟನ್ನೂ ತೆಗೆದು ಒಂದು ವೀಳ್ಯ ಮಡಿಸಿಬಿಡುತ್ತಿದ್ದಳು. ಒಂದು ಕೈ ಸಾಕಾಗುತ್ತಿತ್ತು, ಇನ್ನೊಂದು ಕೈಯಲ್ಲಿ ನಮ್ಮಲ್ಲೊಬ್ಬರು ಇರುತ್ತಿದ್ದೆವು. ಸಣ್ಣ ಚೀಲದ ಲಕ್ಷಣ ಇದಕ್ಕಿಂತ ಇನ್ನೇನಿದೆ?

ಸಂಚಿ ಎಂದರೆ ಅಲ್ಪದ ವಸ್ತುವಲ್ಲ. ನಮ್ಮ ನೆರೆಯ ಯಳಂದೂರಿನ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದವಳು. ಹದಿಬದೆಯ ಧರ್ಮ ಬರೆದ ಕವಯಿತ್ರಿಯನ್ನು ಮುನ್ನೂರು ವರ್ಷಗಳಾದರೂ ನಾವು ಸಂಚಿಯ ಹೊನ್ನಮ್ಮ ಎಂದೇ ಕರೆಯುತ್ತೇವೆ. ಈ ಪಾಠ ಮಾಡುವಾಗ ಮಕ್ಕಳು "ಸಂಚಿ ಅಂದ್ರೇನು ಮಿಸ್?" ಎಂದು ಕೇಳುತ್ತಾರೆ. ಈಗ ಅವರ ಮನೆಗಳಲ್ಲಿ ಸಂಚಿಯಿಲ್ಲ, ಅಡಿಕೆ ಪ್ಲಾಸ್ಟಿಕ್ ಚೀಟಿಯಲ್ಲಿ ಬರುತ್ತದೆ. ನಾನು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸುತ್ತೇನೆ. ಒಂದು ದಿನ ಹಾಗೆ ಬರೆಯುತ್ತಿದ್ದಾಗಲೇ, ಇದನ್ನೇ ಸ್ವಲ್ಪ ದೊಡ್ಡದು ಮಾಡಿದರೆ ಎಂಬ ಯೋಚನೆ ಬಂದದ್ದು.

ಮದ್ದೂರಿನಲ್ಲಿ ಸ್ಕೂಲ್ ಬ್ಯಾಗಿಗೆ ಜಿಪ್ಪು ಹಾಕಿಕೊಡುವವರೊಬ್ಬರು ಇದ್ದಾರೆ. ಅವರ ಮುಂದೆ ಕ್ಯಾಮೆರಾ ಇಟ್ಟು ಬೇಕಾದ್ದನ್ನು ಹೇಳಿದೆ. ಪಟ್ಟಿ ಬಲಹೆಗಲ ಮೇಲಿಂದ ಬಂದು ಚೀಲ ಎಡಸೊಂಟಕ್ಕೆ ಕೂರಬೇಕು, ಆಗ ಎಡಹೆಗಲ ಸೆರಗಿನ ಪಿನ್ನಿಗೆ ತೊಂದರೆಯಿಲ್ಲ. ಬಸ್ಸಿನಲ್ಲಿ ಸೆರಗನ್ನು ಮುಂದಕ್ಕೆ ಎಳೆದುಕೊಂಡರೆ ಚೀಲ ಅದರಡಿ ಮರೆಯಾಗುತ್ತದೆ. ಕ್ಯಾಮೆರಾದ ಹಿಡಿ ಇರುವುದು ಬಲಗಡೆ, ಬಲಗೈ ಅಡ್ಡ ಬಂದು ನೇರವಾಗಿ ಹಿಡಿಯಬಹುದು. ಮುಚ್ಚಳ ಮೈಯಿಂದ ಆಚೆಗೆ ತೆರೆಯಬೇಕು, ಮೈಕಡೆಗಲ್ಲ. ವೆಲ್ಕ್ರೋ ಬೇಡವೇ ಬೇಡ. ಜಿಪ್ಪು ಒಂದೇ, 8 ನಂಬರಿನದು, ನೇರವಾಗಿ. ಬಸ್ಸಿನಲ್ಲಿ ಹಾಕಿಕೊಳ್ಳುವುದಕ್ಕೆ, ಇಳಿದ ಮೇಲೆ ಮುಚ್ಚಳ ಒಂದೇ ಸಾಕು. ಒಳಬಟ್ಟೆ ತಿಳಿ ಬಣ್ಣದ್ದು. ಕಂಪನಿಯವರು ಒಳಗೂ ಕಪ್ಪು ಬಟ್ಟೆ ಹಾಕುತ್ತಾರೆ, ಕಪ್ಪು ಲೆನ್ಸ್ ಮುಚ್ಚಳ ಅದರೊಳಗೆ ಬಿದ್ದರೆ ಬಾವಿಗೆ ಬಿದ್ದ ಉಂಗುರವೇ. ಹೊರಗಿನ ಬಟ್ಟೆಯೂ ಕಪ್ಪಲ್ಲ, ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪು ಚೀಲ ಒಲೆಯಾಗುತ್ತದೆ.

"ಸ್ಪಂಜು ಎಷ್ಟು ದಪ್ಪ ಮೇಡಂ?" ಎಂದರು. ಕೆಳಗೆ ಒಂದು ಬೆರಳು, ಸುತ್ತ ಅರ್ಧ ಬೆರಳು ಎಂದೆ. ಮಗಳು ಬಿಟ್ಟುಹೋಗಿದ್ದ ಯೋಗದ ಹಾಸು ಅದಕ್ಕಾಯಿತು. ಒಳಪದರಕ್ಕೆ ಅಕ್ಕನ ಒಂದು ಹತ್ತಿ ಸೀರೆ ಕೊಟ್ಟೆ. ಹೆಗಲ ಪಟ್ಟಿಯ ಅಡಿಗೆ ಅಡುಗೆಮನೆಯ ಡ್ರಾಯರಿಗೆ ಹಾಸುವ ರಬ್ಬರಿನ ಜಾಲರಿಯ ಒಂದು ತುಂಡು, ಡೋಮ್ಕೆಯ ಲೆಕ್ಕದಲ್ಲಿ. ಬದಿಯಲ್ಲಿ ಬ್ಯಾಟರಿಗೆ, ಮೆಮೊರಿ ಕಾರ್ಡಿಗೆ ಸುಣ್ಣದ ಡಬ್ಬಿಯ ಅಳತೆಯ ಎರಡು ಜೇಬು. ಮಕ್ಕಳ ಮನೆಗೆಂದು ವಿಮಾನ ಹತ್ತುವ ಅಕ್ಕತಂಗಿಯರಿಗೆ ಇಲ್ಲೊಂದು ಮಾತು. ಬಿಡಿ ಬ್ಯಾಟರಿಯನ್ನು ದೊಡ್ಡ ಸೂಟ್‌ಕೇಸಿಗೆ ಹಾಕಿ ಕಳಿಸುವಂತಿಲ್ಲ, ಕೈಚೀಲದಲ್ಲೇ ಇರಬೇಕು, ಅದರ ಲೋಹದ ಬಾಯಿಗೆ ಟೇಪು ಹಚ್ಚಿರಬೇಕು. ಪುಟ್ಟ ಚೀಲ ಕೈಲಿದ್ದರೆ ಆ ರಗಳೆಯೂ ಇಲ್ಲ.

ಚೀಲ ಬಂತು. ತೂಗಿದೆ, 280 ಗ್ರಾಂ. ಹಳೆಯ ಇಟ್ಟಿಗೆ 700 ಇತ್ತು, ಕ್ಯಾಮೆರಾಗಿಂತ ಕ್ಯಾಮೆರಾದ ಮನೆಯೇ ಭಾರ. ನನ್ನದೇ ಚೀಲವೆಂದು ವಿಮರ್ಶೆಯಲ್ಲಿ ರಿಯಾಯಿತಿ ಕೊಡುವುದಿಲ್ಲ. ಜೋರು ಮಳೆಗೆ ಇದು ಆಗದು, ಮಡಿಸಿದ ಪ್ಲಾಸ್ಟಿಕ್ ಕವರೊಂದನ್ನು ತಳದಲ್ಲಿ ಇಟ್ಟುಕೊಂಡಿರಬೇಕು. ಪಟ್ಟಿ ಒಂದೂವರೆ ಇಂಚು, ಎರಡು ಇದ್ದರೆ ಹೆಗಲಿಗೆ ಇನ್ನೂ ಹಿತ. ಬದಿಯ ಜೇಬಿನ ಆಳ ಕಡಿಮೆಯಾಗಿದೆ. ಮತ್ತೆ ಇದು ಸುಂದರವಾಗಿಯೇನೂ ಇಲ್ಲ. ಸಹೋದ್ಯೋಗಿಯೊಬ್ಬರು "ಇದರಲ್ಲಿ ಟಿಫನ್ನಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾನು ಪ್ರಶಸ್ತಿಯೆಂದು ತೆಗೆದುಕೊಂಡೆ. ಟಿಫನ್ ಡಬ್ಬಿಯನ್ನು ಕದಿಯಲು ಯಾರು ಬರುತ್ತಾರೆ? ಅಂಗಡಿಯಿಂದಲೇ ಕೊಳ್ಳುವವರು ಒಂದೇ ಕೆಲಸ ಮಾಡಿ. ನಿಮ್ಮ ಕ್ಯಾಮೆರಾ ತೆಗೆದುಕೊಂಡೇ ಅಂಗಡಿಗೆ ಹೋಗಿ, ದಿನವೂ ಉಡುವ ಉಡುಪಿನಲ್ಲೇ ಹೋಗಿ, ಚೀಲವನ್ನು ಹಾಕಿಕೊಂಡು, ಅಂಗಡಿಯವನ ಮುಖ ನೋಡುತ್ತಲೇ ಒಂದು ಕೈಯಲ್ಲಿ ಕ್ಯಾಮೆರಾ ಹೊರಗೆ ತೆಗೆಯಿರಿ. ಮನಸ್ಸಿನಲ್ಲಿ ಮೂರು ಎಣಿಸುವಷ್ಟರಲ್ಲಿ ಬಂದರೆ ಸರಿ.

ಹೊಸ ಚೀಲದೊಡನೆ ಮೊದಲು ಹೋದದ್ದು ಕೊಕ್ಕರೆ ಬೆಳ್ಳೂರಿಗೆ, ಫೆಬ್ರವರಿಯ ಒಂದು ಭಾನುವಾರ. ಮದ್ದೂರು ತಾಲ್ಲೂಕಿನ ಆ ಊರು ನಿಮಗೆ ಗೊತ್ತಿರಬೇಕು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರ ನಡುವಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೆಗಿನಹಾಳರು ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಊರಿನವರಿಗೆ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಅವತ್ತು ಬೆಂಗಳೂರಿನಿಂದ ಬಂದಿದ್ದ ನಾಲ್ಕಾರು ಜನ ಫಿರಂಗಿಯಂಥ ಲೆನ್ಸುಗಳನ್ನು, ಪುಟ್ಟ ಟ್ರಂಕಿನಷ್ಟಿರುವ ಚೀಲಗಳನ್ನು ಯಾರದೋ ಮನೆಯಂಗಳದಲ್ಲಿ ಹರವಿಕೊಂಡು ನಿಂತಿದ್ದರು. ಹಕ್ಕಿಯ ಕಣ್ಣಿನ ರೆಪ್ಪೆ ಅವರ ಚಿತ್ರದಲ್ಲಿ ಬಂದಿರುತ್ತದೆ, ಒಪ್ಪಿದೆ, ನನ್ನದರಲ್ಲಿ ಹಕ್ಕಿಯೇ ಹತ್ತಿಕಾಳಿನಷ್ಟು. ಆದರೆ ಆ ಮನೆಯ ಮುದುಕಮ್ಮ ರಾಗಿ ಹರಡಬೇಕಾದ ಅಂಗಳ ಬಿಟ್ಟು ಜಗಲಿಯ ಮೂಲೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಜರುಗಿ ಜಾಗ ಕೊಟ್ಟರು.

"ಬಾರವ್ವ, ಕೂತ್ಕೊ. ಯಾವೂರು?"

ಮಂಡ್ಯ ಎಂದೆ, ಮೇಷ್ಟ್ರಮ್ಮ ಎಂದೆ. ಅವರ ಕಣ್ಣು ಚೀಲದ ಮೇಲೆಯೇ ಇತ್ತು. ಎಳೆದು ತೊಡೆಯ ಮೇಲಿಟ್ಟುಕೊಂಡು ಹೊಲಿಗೆ ತಿರುಗಿಸಿ ನೋಡಿದರು, ಒಳಗೆ ಬೆರಳಾಡಿಸಿದರು. "ಸಂಚಿ ಇದ್ದಂಗೈತೆ ಕಣವ್ವ" ಎಂದರು. ನನಗೆ ಎಷ್ಟು ಖುಷಿಯಾಯಿತೆಂದರೆ ಬದಿಯ ಜೇಬು ತೋರಿಸಿ, ಇದು ಸುಣ್ಣದ ಡಬ್ಬಿಯ ಅಳತೆಯದೇ ಅಮ್ಮ ಎಂದುಬಿಟ್ಟೆ. ಅವರು ನಂಬಲಿಲ್ಲ. ತಮ್ಮ ಸೊಂಟದಿಂದ ಡಬ್ಬಿ ತೆಗೆದು ಜೇಬಿಗೆ ಇಳಿಸಿ ನೋಡಿದರು. ಕಾಲುಭಾಗ ಮೇಲೆ ಇಣುಕುತ್ತಿತ್ತು. "ಆಳ ಸಾಲ್ದು. ಹೊಲ್ದೋನ್ಗೆ ಯೋಳು" ಎಂದು ನಕ್ಕರು. ಆಗ ಮೇಲೆ ಹುಣಸೆಮರದಲ್ಲಿ ಹೆಜ್ಜಾರ್ಲೆಯೊಂದು ರೆಕ್ಕೆ ಬಡಿದು ಇಳಿಯಿತು, ಅವರು ನಗುತ್ತಲೇ ತಲೆಯೆತ್ತಿದರು. ನನ್ನ ಬಲಗೈ ತನ್ನಷ್ಟಕ್ಕೆ ಹೋಗಿ ಬಂದಿತ್ತು. ಚಿತ್ರ ಸ್ವಲ್ಪ ಅಲುಗಿದೆ, ಹಕ್ಕಿಯ ಕಾಲು ಮಾತ್ರ ಬಂದಿದೆ, ಮುದುಕಮ್ಮನ ಬಾಯಿ ಪೂರ್ತಿ ಬಂದಿದೆ.

ಮೂರೂವರೆ ಬಸ್ಸಿಗೆ ಓಡಿ ಹತ್ತಿ, ಮದ್ದೂರಿನಲ್ಲಿ ಇಳಿದು, ಮಂಡ್ಯದ ಬಸ್ಸಿನಲ್ಲಿ ಸೀಟು ಸಿಕ್ಕಿ ಸೆರಗು ಸರಿಮಾಡಿಕೊಳ್ಳುವಾಗ ಬದಿಯ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗುಲಿತು. ಸುಣ್ಣದ ಡಬ್ಬಿ ನನ್ನ ಜೊತೆಯಲ್ಲೇ ಬಂದುಬಿಟ್ಟಿತ್ತು. ಆ ಫೋಟೋದ ಒಂದು ಪ್ರತಿ ಮಾಡಿಸಿ, ಡಬ್ಬಿಯೊಡನೆ ಮುಂದಿನ ಭಾನುವಾರ ಮತ್ತೆ ಬೆಳ್ಳೂರಿಗೆ ಹೋಗಬೇಕು. ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು ಜೇಬಿನ ಆಳ ಹೆಚ್ಚಿಸಲೂ ಹೇಳಬೇಕು.